ಕಾರವಾರಕ್ಕೆ ಬಂದ ಕಿಡ್‌ನ ಹಡಗು: ಆ ಬದುಕನ್ನು ಮತ್ತೆ ಕಟ್ಟಿ ತೋರಿಸುವುದು ಹೇಗೆ?

ಪ್ರಶ್ನೆ: ನಾವು ಕಾರವಾರದ ಕೆಲವು ಗೆಳೆಯರು. ಕಡಲ್ಗಳ್ಳ ಕ್ಯಾಪ್ಟನ್ ಕಿಡ್ ನಮ್ಮ ಊರಿಗೆ ಬಂದಿದ್ದ ಅಂತ ಓದಿದೆವು. ಕಡಲ ದಂಡೆಯಲ್ಲಿ ಒಂದು ದಿನ ಆ ಕಾಲದ ಹಡಗಿನ ಬದುಕನ್ನು ಜನರಿಗೆ ತೋರಿಸಬೇಕು ಅಂತಿದ್ದೇವೆ. ಬಾಡಿಗೆ ಡ್ರೆಸ್ ಅಂಗಡಿಯಲ್ಲಿ ಕಣ್ಣುಪಟ್ಟಿ, ಕೊಕ್ಕೆ ಕೈ, ತಲೆಬುರುಡೆಯ ಟೋಪಿ, ಪ್ಲಾಸ್ಟಿಕ್ ಕತ್ತಿ ಸಿಗುತ್ತವೆ. ಇಪ್ಪತ್ತು ಜನ ಇದ್ದೇವೆ. ಒಂದು ನಾಡದೋಣಿ ಸಿಗುತ್ತದೆ. ದುಡ್ಡು ಜಾಸ್ತಿ ಇಲ್ಲ. ಬಟ್ಟೆ, ಊಟ, ಹಗ್ಗದ ಕೆಲಸ, ಆಯುಧ ಇವನ್ನೆಲ್ಲ ಹೇಗೆ ಮಾಡಿದರೆ ನಿಜಕ್ಕೆ ಹತ್ತಿರ ಇರುತ್ತದೆ?

ಉತ್ತರ: ನಿಮ್ಮ ಯೋಚನೆ ಕೇಳಿ ಖುಷಿಯಾಯಿತು. ಡ್ರೆಸ್ ಅಂಗಡಿಗೆ ಮಾತ್ರ ಹೋಗಬೇಡಿ. ಅಲ್ಲಿ ಸಿಗುವುದೆಲ್ಲ ಸಿನಿಮಾದಿಂದ ಬಂದ ಸಾಮಾನು. ಕಡಲ್ಗಳ್ಳ ಅಂದರೆ ಮೊದಲು ಖಲಾಸಿ. ಅವನ ಬದುಕಿನಲ್ಲಿ ಕತ್ತಿ ಹಿಡಿದು ಹೊಡೆದಾಡುವುದು ಅಪರೂಪ, ಮೈಮುರಿಯುವ ಕೆಲಸ ದಿನವಿಡೀ. ಹಗ್ಗ ಎಳೆಯಬೇಕು, ಪಂಪು ಒತ್ತಬೇಕು, ಹರಿದ ಹಾಯಿ ಹೊಲಿಯಬೇಕು, ಹಲಗೆಯ ಸಂದಿಗೆ ನಾರು ತುರುಕಬೇಕು, ನೀರು ಸೌದೆ ಹೊತ್ತು ತರಬೇಕು. ಈ ಕೆಲಸಗಳನ್ನು ನೀವು ನಿಜವಾಗಿ ಕಲಿತು ಜನರ ಎದುರು ಮಾಡಿದರೆ, ಬಟ್ಟೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ನೋಡುವವರಿಗೆ ಆ ಕಾಲ ಕಾಣುತ್ತದೆ. ಕೆಲಸ ಬಾರದಿದ್ದರೆ ಬಟ್ಟೆ ಎಷ್ಟೇ ಸರಿ ಇದ್ದರೂ ಅದು ವೇಷವಾಗಿಯೇ ಉಳಿಯುತ್ತದೆ.

ಕಿಡ್ ನಿಮ್ಮ ಊರಿಗೆ ಯಾಕೆ ಬಂದ ಅನ್ನುವುದರಿಂದಲೇ ಶುರು ಮಾಡೋಣ. ಯಾಕೆಂದರೆ ನೀವು ಏನು ತೋರಿಸಬೇಕು ಅನ್ನುವುದು ಅಲ್ಲೇ ಇದೆ.

ವಿಲಿಯಂ ಕಿಡ್ ಸ್ಕಾಟ್ಲೆಂಡ್ ಮೂಲದವನು, ನ್ಯೂಯಾರ್ಕಿನಲ್ಲಿ ಮನೆ ಮಾಡಿದ್ದವನು. ಕಡಲ್ಗಳ್ಳರನ್ನೂ ಫ್ರೆಂಚ್ ಹಡಗುಗಳನ್ನೂ ಹಿಡಿಯಲು ಇಂಗ್ಲೆಂಡಿನ ರಾಜನ ಪರವಾನಗಿ ಅವನ ಕೈಯಲ್ಲಿತ್ತು. ಅವನ ಹಡಗು ಅಡ್ವೆಂಚರ್ ಗ್ಯಾಲಿ, 1695ರಲ್ಲಿ ಲಂಡನ್ ಹತ್ತಿರದ ಡೆಪ್ಟ್‌ಫರ್ಡ್‌ನಲ್ಲಿ ಕಟ್ಟಿದ್ದು. 34 ಫಿರಂಗಿ. ಗಾಳಿ ನಿಂತಾಗ ಹುಟ್ಟು ಹಾಕಲು ಎರಡೂ ಬದಿಗೆ ಸಾಲು ಸಾಲು ಹುಟ್ಟುಗಳು. 1696ರ ಸೆಪ್ಟೆಂಬರಿನಲ್ಲಿ ಸುಮಾರು 150 ಜನರೊಂದಿಗೆ ನ್ಯೂಯಾರ್ಕ್ ಬಿಟ್ಟ. ಒಂದು ವರ್ಷ ಅಲೆದರೂ ಕೈಗೆ ಏನೂ ಸಿಗಲಿಲ್ಲ. 1697ರ ಆಗಸ್ಟ್‌ನಲ್ಲಿ ಕೆಂಪು ಸಮುದ್ರದ ಬಾಯಲ್ಲಿ ಯೆಮೆನಿನ ಮೋಕಾ ಬಂದರಿನಿಂದ ಹೊರಟ ಹಡಗುಗಳ ಗುಂಪಿನ ಮೇಲೆ ಕಣ್ಣು ಹಾಕಿದ. ಈಸ್ಟ್ ಇಂಡಿಯಾ ಕಂಪನಿಯ ಕಾವಲು ಹಡಗು ಅವನನ್ನು ಓಡಿಸಿತು. ಆಮೇಲೆ ನಮ್ಮ ಪಶ್ಚಿಮ ಕರಾವಳಿಗೆ ಬಂದು ಮುಂಬೈ ಕಡೆಯ ಒಂದು ಸಣ್ಣ ಹಡಗನ್ನು ತಡೆದ. ಅದರ ಇಂಗ್ಲಿಷ್ ಕ್ಯಾಪ್ಟನ್ನನ್ನೂ ಒಬ್ಬ ಪೋರ್ಚುಗೀಸ್ ದುಭಾಷಿಯನ್ನೂ ಎತ್ತಿಕೊಂಡು ಬಂದ. ಹೀಗೆ ಸೆಪ್ಟೆಂಬರ್ ಹೊತ್ತಿಗೆ ಕಾರವಾರ ಮುಟ್ಟಿದ.

ಬಂದಿದ್ದು ಲೂಟಿಗಲ್ಲ. ನೀರಿಗೆ, ಸೌದೆಗೆ.

ಕಾರವಾರದಲ್ಲಿ ಆಗ ಕಂಪನಿಯ ಕೋಠಿ, ಅಂದರೆ ವ್ಯಾಪಾರದ ನೆಲೆ, ಇತ್ತು. ಮೆಣಸು, ಬಟ್ಟೆ ವ್ಯಾಪಾರ. ಕೋಠಿಯ ಕಡೆಯಿಂದ ಇಬ್ಬರು ಹಡಗಿಗೆ ಹೋಗಿ, ಆ ಕ್ಯಾಪ್ಟನ್ನನ್ನು ಬಿಟ್ಟುಕೊಡಿ ಅಂತ ಕೇಳಿದರು. ಅಂಥವರು ಯಾರೂ ನನ್ನ ಹಡಗಿನಲ್ಲಿಲ್ಲ ಅಂದ ಕಿಡ್. ಆ ಕ್ಯಾಪ್ಟನ್ನೂ ದುಭಾಷಿಯೂ ಅದೇ ಹೊತ್ತಿಗೆ ಕೆಳಗೆ ಸಾಮಾನಿನ ಕೋಣೆಯಲ್ಲಿ ಬಚ್ಚಿಟ್ಟ ಸ್ಥಿತಿಯಲ್ಲಿದ್ದರು. ಇಲ್ಲೇ ಕಿಡ್‌ನ ಕೆಲವು ಜನ ಅವನನ್ನು ಬಿಟ್ಟುಹೋದರು. ಅವರಲ್ಲಿ ಬೆಂಜಮಿನ್ ಫ್ರಾಂಕ್ಸ್ ಅನ್ನುವ ಆಭರಣ ವ್ಯಾಪಾರಿಯೂ ಒಬ್ಬ. ದಡಕ್ಕೆ ಹೋಗಲು ಬಿಡಲಿ ಅಂತ ಅವನು ಕಿಡ್‌ಗೆ ತನ್ನ ಬೀವರ್ ತುಪ್ಪಳದ ಟೋಪಿಯನ್ನೇ ಕೊಟ್ಟ. ಮುಂದಿನ ತಿಂಗಳು ಮುಂಬೈಯಲ್ಲಿ ಹೇಳಿಕೆ ಕೊಟ್ಟ. ಇಂಥ ಹೇಳಿಕೆಗಳಿಂದ, ಮುಂದೆ ಲಂಡನ್ನಿನ ವಿಚಾರಣೆಯಲ್ಲಿ ಬಂದ ಸಾಕ್ಷಿಗಳಿಂದ ನಮಗೆ ಇಷ್ಟೆಲ್ಲ ಗೊತ್ತು. ಕಿಡ್‌ನನ್ನು 1701ರ ಮೇ 23ರಂದು ಥೇಮ್ಸ್ ದಂಡೆಯ ವಾಪಿಂಗ್‌ನಲ್ಲಿ ಗಲ್ಲಿಗೇರಿಸಿದರು.

ಇದರಲ್ಲಿ ನಿಮಗೆ ಬೇಕಾದ್ದೆಲ್ಲ ಇದೆ ನೋಡಿ. ಕಾರವಾರಕ್ಕೆ ಬಂದಾಗ ಕಿಡ್‌ನ ಹತ್ತಿರ ನಿಧಿಯ ಪೆಟ್ಟಿಗೆ ಇರಲಿಲ್ಲ. ಅವನ ದೊಡ್ಡ ಬೇಟೆ ಕ್ವೆಡಾ ಮರ್ಚೆಂಟ್ ಹಡಗು. ಅದನ್ನು ಹಿಡಿದದ್ದು 1698ರ ಜನವರಿಯಲ್ಲಿ, ಕೇರಳದ ಕಡಲಿನಲ್ಲಿ. ತಲೆಬುರುಡೆಯ ಕಪ್ಪು ಬಾವುಟವೂ ಇರಲಿಲ್ಲ. ಅಂಥ ಬಾವುಟದ ಮೊದಲ ದಾಖಲೆಗಳು 1700ರ ಹೊತ್ತಿನವು. ಕೆಂಪು ಸಮುದ್ರದಲ್ಲಿ ಕಿಡ್ ಹಾರಿಸಿದ್ದು ಕೆಂಪು ಬಾವುಟ. ಹಾಗಾಗಿ ನಿಮ್ಮ ಕಂಬಕ್ಕೆ ಉದ್ದನೆಯ ಕೆಂಪು ಬಟ್ಟೆ ಕಟ್ಟಿ, ಸಾಕು. ಹಡಗಿನಲ್ಲಿದ್ದವರು ಹಸಿದಿದ್ದರು, ಸಂಬಳವಿಲ್ಲದೆ ಸಿಡುಕುತ್ತಿದ್ದರು. ಬೇಟೆ ಸಿಕ್ಕರೆ ಮಾತ್ರ ಪಾಲು ಅನ್ನುವ ಕರಾರು ಅವರದ್ದು. ಒಂದು ವರ್ಷದಿಂದ ಬೇಟೆ ಇಲ್ಲ.

ಹಾಗಾಗಿ ನನ್ನ ಸಲಹೆ: ಕತ್ತಿ ಕಾಳಗದ ಬದಲು ನೀರು ತುಂಬುವ ದೃಶ್ಯವನ್ನೇ ಮುಖ್ಯ ಮಾಡಿ.

ಒಂದು ದೋಣಿ ಹಡಗಿನಿಂದ ದಡಕ್ಕೆ ಬರುತ್ತದೆ. ಖಾಲಿ ಪೀಪಾಯಿಗಳನ್ನು ಇಳಿಸಿ ಮರಳಿನ ಮೇಲೆ ಉರುಳಿಸುತ್ತಾರೆ. ಇಬ್ಬರು ಕೊಡಲಿ ಹಿಡಿದು ಸೌದೆಗೆ ಹೋಗುತ್ತಾರೆ. ಒಬ್ಬ ಪೀಪಾಯಿಯ ಬಳೆ ಬಡಿದು ಬಿಗಿ ಮಾಡುತ್ತಾನೆ. ಯಾಕೆಂದರೆ ಒಣಗಿದ ಪೀಪಾಯಿ ಸೋರುತ್ತದೆ, ಮೊದಲು ನೆನೆಸಿ ಮರ ಉಬ್ಬುವಂತೆ ಮಾಡಬೇಕು. ಆಗ ದೊಡ್ಡ ಪೀಪಾಯಿ ಒಂದರಲ್ಲೇ ಸುಮಾರು 240 ಲೀಟರ್ ಹಿಡಿಯುತ್ತಿತ್ತು. ತುಂಬಿದ ಮೇಲೆ ಅದನ್ನು ಎತ್ತಿ ದೋಣಿಗೆ ಹಾಕುವುದು ಬಲು ಕಷ್ಟ. ಅದಕ್ಕೇ ಎಷ್ಟೋ ಸಲ ಪೀಪಾಯಿಗಳನ್ನು ಹಗ್ಗದಲ್ಲಿ ಸಾಲಾಗಿ ಕಟ್ಟಿ, ನೀರಿನಲ್ಲಿ ತೇಲಿಸಿ, ದೋಣಿಯ ಹಿಂದೆ ಎಳೆದುಕೊಂಡು ಹೋಗುತ್ತಿದ್ದರು. ಸಿಹಿನೀರು ಉಪ್ಪುನೀರಿಗಿಂತ ಹಗುರ, ಮೇಲೆ ಪೀಪಾಯಿಯ ಮರವೂ ತೇಲುತ್ತದೆ, ಹಾಗಾಗಿ ತುಂಬಿದ್ದೂ ಮುಳುಗುವುದಿಲ್ಲ. ಇದನ್ನು ಮಕ್ಕಳ ಎದುರು ಮಾಡಿ ತೋರಿಸಿ. ಸಣ್ಣ ಮರದ ಪೀಪಾಯಿ ಒಂದು ಸಿಕ್ಕರೂ ಸಾಕು. ನೀಲಿ ಪ್ಲಾಸ್ಟಿಕ್ ಡ್ರಮ್ಮು ಮಾತ್ರ ಬೇಡ. ಈ ಗದ್ದಲದ ನಡುವೆ ಇಬ್ಬರು ಮೆಲ್ಲಗೆ ಗುಂಪಿನಿಂದ ಜಾರಿಕೊಂಡು ಕಂಪನಿಯ ಕೋಠಿಯ ಕಡೆ ಹೋಗಲಿ. ನಿಮ್ಮ ನಾಟಕ ಅಲ್ಲೇ ಹುಟ್ಟುತ್ತದೆ.

ಈಗ ಬಟ್ಟೆ. ಆ ಕಾಲದ ಖಲಾಸಿಯನ್ನು ದಡದ ಜನ ದೂರದಿಂದಲೇ ಗುರುತಿಸುತ್ತಿದ್ದರು. ಉದ್ದ ಕೋಟಿನ ಬದಲು ಸೊಂಟದ ಕೆಳಗೆ ನಿಲ್ಲುವ ಗಿಡ್ಡ ಜಾಕೆಟ್. ಕೆಳಗೆ ಕ್ಯಾನ್ವಾಸಿನ ಅಗಲವಾದ ಚಡ್ಡಿ, ಮೊಣಕಾಲು ದಾಟಿ ನಿಲ್ಲುವಷ್ಟು ಉದ್ದ. ಕುತ್ತಿಗೆಗೆ ಒಂದು ವಸ್ತ್ರ. ತಲೆಗೆ ಹೆಣೆದ ಉಣ್ಣೆಯ ಟೋಪಿ, ಇಲ್ಲವೇ ಅಂಚು ಕತ್ತರಿಸಿ ಚಿಕ್ಕದು ಮಾಡಿದ ಹ್ಯಾಟು. 1706ರಲ್ಲಿ ಇಂಗ್ಲಿಷ್ ನೌಕಾಪಡೆ ತನ್ನ ನಾವಿಕರಿಗೆ ಮಾರಲು ಮಾಡಿಸಿದ ಬಟ್ಟೆಗಳ ಪಟ್ಟಿ ಉಳಿದಿದೆ. ಕೆಂಪು ಹತ್ತಿಯ ಒಳಪದರ ಇದ್ದ ಬೂದು ಜಾಕೆಟ್, ಹಿತ್ತಾಳೆ ಗುಂಡಿ, ಕೆಂಪು ವೇಸ್ಟ್‌ಕೋಟು, ನೀಲಿ ಬಿಳಿ ಚೌಕಳಿ ಅಂಗಿ, ಬೂದು ಉಣ್ಣೆಯ ಕಾಲುಚೀಲ. ಕಿಡ್‌ನ ಜನ ನೌಕಾಪಡೆಯವರಲ್ಲ, ನಿಜ. ಆದರೆ ಒಂದೇ ಬಂದರುಗಳಲ್ಲಿ ಬಟ್ಟೆ ಕೊಳ್ಳುವ ಒಂದೇ ಬಗೆಯ ಜನ. ಈ ಪಟ್ಟಿಯನ್ನು ಕಣ್ಣ ಮುಂದೆ ಇಟ್ಟುಕೊಂಡರೆ ದಾರಿ ತಪ್ಪುವುದಿಲ್ಲ.

ಕಾರವಾರದ ಸೆಕೆಗೆ ಉಣ್ಣೆ ಜಾಕೆಟ್ ಹಾಕಿ ಯಾರೂ ತಲೆಸುತ್ತಿ ಬೀಳುವುದು ಬೇಡ. ಕೆಲಸದ ಹೊತ್ತಿನಲ್ಲಿ ಖಲಾಸಿಗಳು ಬರೀ ಅಂಗಿ ಚಡ್ಡಿಯಲ್ಲೇ ಇರುತ್ತಿದ್ದರು. ನಿಮ್ಮ ಇಪ್ಪತ್ತು ಜನರಿಗೂ ಒಂದೊಂದು ಅಂಗಿ, ಒಂದೊಂದು ಚಡ್ಡಿ ಹೊಲಿಸಿ. ಇಬ್ಬರು ಮೂವರಿಗೆ ಮಾತ್ರ ಜಾಕೆಟ್ ಸಾಕು.

ಅಂಗಿ ಹೊಲಿಯುವುದು ಸುಲಭ, ಯಾಕೆಂದರೆ ಅದರಲ್ಲಿ ಎಲ್ಲವೂ ಚೌಕ, ಆಯತ. ಬಾಗಿದ ಕತ್ತರಿ ಕೆಲಸವೇ ಇಲ್ಲ. ಮೈಗೆ ಎರಡು ಮೀಟರ್ ಉದ್ದ, 80 ಸೆಂಟಿಮೀಟರ್ ಅಗಲದ ಒಂದೇ ತುಂಡು. ಅದನ್ನು ಮಧ್ಯಕ್ಕೆ ಮಡಚಿ, ಮಡಿಕೆಯ ಮೇಲೆ ಕುತ್ತಿಗೆಗೆ ಅಡ್ಡ ಸೀಳು, ಎದೆಯ ಮೇಲೆ ಒಂದು ಗೇಣು ಉದ್ದದ ಸೀಳು. ತೋಳಿಗೆ 55 ಸೆಂಟಿಮೀಟರ್ ಉದ್ದ, 50 ಅಗಲದ ಆಯತ. ಅದನ್ನು ಭುಜದ ಹತ್ತಿರವೂ ಮಣಿಕಟ್ಟಿನ ಹತ್ತಿರವೂ ನೆರಿಗೆ ಹಿಡಿದು ಕೂಡಿಸಬೇಕು. ಕಂಕುಳಿಗೆ 15 ಸೆಂಟಿಮೀಟರಿನ ಚೌಕ ಇಡಿ. ಇದನ್ನು ಬಿಟ್ಟರೆ ಹಗ್ಗ ಎಳೆಯಲು ಕೈ ಎತ್ತಿದ ಕೂಡಲೇ ಅಂಗಿ ಹರಿಯುತ್ತದೆ. ಕೊರಳಪಟ್ಟಿಗೆ ಒಂದು ಗುಂಡಿ, ಮುಂಗೈಗೆ ಒಂದೊಂದು. ಎದೆಯ ಮೇಲೆ ಲಾಡಿ ಪೋಣಿಸುವ ತೂತುಗಳ ಸಾಲು ಬೇಡ, ಅದು ಸಿನಿಮಾದವರದ್ದು. ಬಟ್ಟೆಗೆ ಕೈಮಗ್ಗದ ದಪ್ಪ ಹತ್ತಿ ತನ್ನಿ. ನೀಲಿ ಬಿಳಿ ಸಣ್ಣ ಚೌಕಳಿ ನಮ್ಮಲ್ಲಿ ಸಲೀಸಾಗಿ ಸಿಗುತ್ತದೆ. ಹೊಲಿದ ಮೇಲೆ ನಾಲ್ಕೈದು ಸಲ ಒಗೆದು ಬಿಸಿಲಿಗೆ ಹಾಕಿ. ಹೊಸ ಬಟ್ಟೆಯ ಗರಿ ದೂರದಿಂದಲೂ ಕಾಣುತ್ತದೆ.

ಚಡ್ಡಿಯೂ ಹಾಗೆಯೇ. ಒಂದೊಂದು ಕಾಲಿನ ಸುತ್ತಳತೆ ಒಂದು ಮೀಟರಿಗಿಂತ ಜಾಸ್ತಿ ಇರಲಿ. ಸೊಂಟದ ಪಟ್ಟಿಗೆ ನೆರಿಗೆ ಹಿಡಿದು ಸೇರಿಸಿ, ಮುಂದೆ ಗುಂಡಿ ಹಾಕಿ. ಜಿಪ್ ಬೇಡ, ಇಲಾಸ್ಟಿಕ್ ಬೇಡ. ಅಗಲ ಯಾಕೆ ಅಂದರೆ ಹಗ್ಗದ ಏಣಿ ಹತ್ತುವಾಗ ಕಾಲು ಸಲೀಸಾಗಿ ಎತ್ತಬಹುದು, ಒಳಗಿನ ಒಳ್ಳೆ ಚಡ್ಡಿ ಕೊಳೆಯಾಗುವುದಿಲ್ಲ. ಮೊಣಕಾಲು ದಾಟುವ ಚರ್ಮದ ಬೂಟು ಯಾರಿಗೂ ಹಾಕಿಸಬೇಡಿ. ಅದು ಕುದುರೆ ಸವಾರರದ್ದು. ಒದ್ದೆ ಡೆಕ್ ಮೇಲೆ ಅದನ್ನು ಹಾಕಿದವನು ಜಾರುತ್ತಾನೆ. ಬರಿಗಾಲು ಸರಿ. ದಡದಲ್ಲಿ ಬೇಕಾದರೆ ಬಕಲ್ ಇರುವ ಸಾದಾ ಚರ್ಮದ ಶೂ.

ಗಡ್ಡದ ಬಗ್ಗೆ ಒಂದು ಮಾತು. ಆ ಕಾಲದ ಇಂಗ್ಲಿಷ್ ಗಂಡಸರು ಸಾಮಾನ್ಯವಾಗಿ ಗಡ್ಡ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷದ ನಂತರ ಬಂದ ಬ್ಲ್ಯಾಕ್‌ಬಿಯರ್ಡ್ (ಕರಿಗಡ್ಡ) ಅನ್ನುವ ಕಡಲ್ಗಳ್ಳನಿಗೆ ಅಷ್ಟು ಹೆಸರು ಬಂದದ್ದು ಗಡ್ಡ ಅಷ್ಟು ಅಪರೂಪವಾಗಿದ್ದರಿಂದಲೇ. ಎರಡು ದಿನದ ಕುರುಚಲು ಗಡ್ಡ ಚೆನ್ನಾಗಿ ಕಾಣುತ್ತದೆ. ಆದರೆ ಕೋಠಿಯ ಅಧಿಕಾರಿಗಳಾಗುವ ಇಬ್ಬರು ನುಣ್ಣಗೆ ಕ್ಷೌರ ಮಾಡಿಕೊಂಡೇ ಬರಲಿ.

ಊಟದಲ್ಲಿ ನಿಮಗೆ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಪರಿಣಾಮ ಸಿಗುತ್ತದೆ. ಇಂಗ್ಲಿಷ್ ನೌಕಾಪಡೆಯ ಪಡಿ ಹೀಗಿತ್ತು: ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಬಿಸ್ಕತ್ತು, ಒಂದು ಗ್ಯಾಲನ್ ಬಿಯರ್. ವಾರಕ್ಕೆ ನಾಲ್ಕು ಪೌಂಡ್ ಉಪ್ಪು ಹಾಕಿದ ದನದ ಮಾಂಸ, ಎರಡು ಪೌಂಡ್ ಹಂದಿ ಮಾಂಸ, ಜೊತೆಗೆ ಒಣ ಬಟಾಣಿ, ಓಟ್ಸ್, ಬೆಣ್ಣೆ, ಗಿಣ್ಣು. ಸೋಮವಾರ, ಬುಧವಾರ, ಶುಕ್ರವಾರ ಮಾಂಸ ಇಲ್ಲ. ಕಿಡ್‌ನ ಹಡಗಿನಲ್ಲಿ ಇಷ್ಟು ಕ್ರಮವಾಗಿ ಸಿಗುತ್ತಿತ್ತು ಅಂತ ಅಂದುಕೊಳ್ಳಬೇಡಿ. ನಮ್ಮ ಕಡಲಿಗೆ ಬಂದ ಹಡಗುಗಳು ಬಿಸ್ಕತ್ತು ತೀರಿದಾಗ ಅಕ್ಕಿ ಕೊಳ್ಳುತ್ತಿದ್ದವು, ಕೋಳಿ, ಆಡು ಕೊಳ್ಳುತ್ತಿದ್ದವು. ಹಾಗಾಗಿ ನಿಮ್ಮ ದಡದ ಒಲೆಯ ಮೇಲೆ ಅನ್ನ ಬೇಯುತ್ತಿದ್ದರೆ ತಪ್ಪೇನೂ ಇಲ್ಲ.

ಬಿಸ್ಕತ್ತನ್ನು ಮಾತ್ರ ಖಂಡಿತ ಮಾಡಿ. ಒಂದು ಕಿಲೋ ಗೋಧಿ ಹಿಟ್ಟಿಗೆ ಸುಮಾರು 400 ಮಿಲಿಲೀಟರ್ ನೀರು. ಎಣ್ಣೆ ಇಲ್ಲ, ಸೋಡಾ ಇಲ್ಲ, ಬೇಕಾದರೆ ಚಿಟಿಕೆ ಉಪ್ಪು. ಚಪಾತಿ ಹಿಟ್ಟಿಗಿಂತ ಬಹಳ ಗಟ್ಟಿ ಇರುತ್ತದೆ, ಕೈಯಲ್ಲಿ ನಾದಲು ಆಗುವುದಿಲ್ಲ. ಒನಕೆಯಿಂದ ಕುಟ್ಟಿ, ಮಡಚಿ, ಮತ್ತೆ ಕುಟ್ಟಿ. ಅರ್ಧ ಗಂಟೆ ಬಿಟ್ಟು ಒಂದು ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಂಗೈ ಅಗಲದ ಬಿಲ್ಲೆ ಕತ್ತರಿಸಿ. ಮೊಳೆಯಿಂದ ಆಚೆ ಈಚೆ ಹಾಯುವಂತೆ ತೂತು ಚುಚ್ಚಿ. ಈ ತೂತು ಅಂದಕ್ಕಲ್ಲ. ಒಳಗಿನ ಹಬೆ ಹೊರಗೆ ಹೋಗಿ ಬಿಸ್ಕತ್ತು ಉಬ್ಬದೆ ಪೂರ್ತಿ ಒಣಗಲಿ ಅಂತ. ಊರಿನ ಬೇಕರಿಯವರನ್ನು ಕೇಳಿ, ಕೊನೆಯ ಬ್ರೆಡ್ಡು ತೆಗೆದ ಮೇಲೆ ಇಳಿಯುತ್ತಿರುವ ಶಾಖದಲ್ಲಿ ರಾತ್ರಿಯೆಲ್ಲ ಬಿಡಲಿ. ಮನೆಯ ಓವನ್ ಆದರೆ 150 ಡಿಗ್ರಿಯಲ್ಲಿ ಒಂದು ಗಂಟೆ, ತಿರುಗಿಸಿ ಇನ್ನೊಂದು ಗಂಟೆ, ಆಮೇಲೆ ಆರಿಸಿ ಒಳಗೇ ಬಿಡಿ. ಮುಗಿದಾಗ ಒಂದಕ್ಕೊಂದು ಬಡಿದರೆ ಹೆಂಚು ಬಡಿದ ಸದ್ದು ಬರಬೇಕು. ಮುರಿದು ನೋಡಿ: ಮಧ್ಯದಲ್ಲಿ ಸ್ವಲ್ಪ ಮೆತ್ತಗಿದ್ದರೂ ಬೂಸ್ಟು ಹಿಡಿಯುತ್ತದೆ.

ಜನ ಅದನ್ನು ನೇರ ಕಚ್ಚಲು ಬಿಡಬೇಡಿ, ಹಲ್ಲು ಹೋದೀತು. ಖಲಾಸಿಗಳೂ ಹಾಗೆ ತಿನ್ನುತ್ತಿರಲಿಲ್ಲ. ಚೀಲದಲ್ಲಿ ಹಾಕಿ ಕುಟ್ಟಿ, ಮಾಂಸದ ಸಾರಿನಲ್ಲೋ ಬಟಾಣಿ ಗಂಜಿಯಲ್ಲೋ ನೆನೆಸಿ ತಿನ್ನುತ್ತಿದ್ದರು. ನೀವು ಒಣ ಬಟಾಣಿಯನ್ನು ರಾತ್ರಿ ನೆನೆಸಿ, ಈರುಳ್ಳಿ ಹಾಕಿ ಗಟ್ಟಿಯಾಗಿ ಬೇಯಿಸಿ, ಅದರ ಮೇಲೆ ಬಿಸ್ಕತ್ತಿನ ಪುಡಿ ಉದುರಿಸಿ ಕೊಡಿ. ಎಲ್ಲರೂ ತಿನ್ನಬಹುದು. ಬಡಿಸುವುದು ಮರದ ಬಟ್ಟಲಲ್ಲಿ, ನಾಲ್ಕೈದು ಜನಕ್ಕೆ ಒಂದೇ ಬೋಗುಣಿ. ಪ್ರತಿಯೊಬ್ಬನಿಗೂ ತನ್ನದೇ ಚಾಕು, ಮರದ ಚಮಚ. ಮೇಲೆ ಕುಡಿಯಲು ಪಂಚ್ ಬೇಕಾದರೆ ಲಿಂಬೆರಸ, ಬೆಲ್ಲ, ನೀರು, ಜಾಯಿಕಾಯಿ ತುರಿ ಸಾಕು. ಅವರು ಇದಕ್ಕೆ ಸಾರಾಯಿ ಸೇರಿಸುತ್ತಿದ್ದರು, ನಮ್ಮ ಕರಾವಳಿಯ ಇಂಗ್ಲಿಷ್ ಕೋಠಿಗಳಲ್ಲಿ ಅದು ಮಾಮೂಲಿ ಪಾನೀಯ. ಯಾರಾದರೂ ಗ್ರಾಗ್ ಅಂದರೆ ತಿದ್ದಿ. ರಮ್ಮಿಗೆ ನೀರು ಬೆರೆಸಿ ಕೊಡಬೇಕು ಅನ್ನುವ ಅಡ್ಮಿರಲ್ ವರ್ನನ್ ಆಜ್ಞೆ ಬಂದದ್ದೇ 1740ರಲ್ಲಿ.

ಹಗ್ಗಕ್ಕೆ ಬಂದರೆ, ನಿಮ್ಮ ಊರಿನಲ್ಲೇ ಗುರುಗಳಿದ್ದಾರೆ. ರಂಪಣಿ ಬಲೆ ಎಳೆದ ಹಿರಿಯರ ಹತ್ತಿರ ಹೋಗಿ. ಸಾಲಾಗಿ ನಿಂತು, ಮೈಭಾರ ಹಿಂದಕ್ಕೆ ಕೊಟ್ಟು, ಒಂದೇ ಉಸಿರಿಗೆ ಎಳೆಯುವುದು ಅವರ ಮೈಗೆ ಹತ್ತಿದೆ. ಹಾಯಿ ಏರಿಸುವುದೂ ಅದೇ ಎಳೆತ. ಹಾಡಿನ ವಿಷಯದಲ್ಲಿ ಸ್ವಲ್ಪ ಎಚ್ಚರ. ಇವತ್ತು ಕಡಲ್ಗಳ್ಳರ ಹಾಡು ಅಂತ ಕೇಳಿಬರುವ ಇಂಗ್ಲಿಷ್ ಹಡಗಿನ ಹಾಡುಗಳು ಬಹುಪಾಲು 19ನೇ ಶತಮಾನದವು. ಕಿಡ್‌ನ ಕಾಲಕ್ಕೆ ಕೂಗು, ಕಾಲು ಕುಟ್ಟುವುದು, ಪಿಟೀಲು ಇವೇ ಸರಿ. ಒಬ್ಬ ಕೂಗಲಿ, ಉಳಿದವರು ಎಳೆಯಲಿ.

ಗಂಟುಗಳಲ್ಲಿ ನಾಲ್ಕು ಕಲಿತರೆ ಒಂದು ದಿನಕ್ಕೆ ಸಾಕು: ಜಾರದ ಕುಣಿಕೆಯ ಬೋಲೈನ್, ಕಂಬಕ್ಕೆ ಸುತ್ತುವ ಕ್ಲೋವ್ ಹಿಚ್, ಹಾಯಿ ಕುಗ್ಗಿಸಿ ಕಟ್ಟುವ ರೀಫ್ ನಾಟ್, ಎರಡು ಹಗ್ಗ ಸೇರಿಸುವ ಶೀಟ್ ಬೆಂಡ್. ನೋಡದೆ ಕಟ್ಟಲು ಬರುವ ತನಕ ಅಭ್ಯಾಸ ಮಾಡಿ. ಖಲಾಸಿಗೆ ಕತ್ತಲಲ್ಲಿ, ಮಳೆಯಲ್ಲಿ, ಕೈ ಮರಗಟ್ಟಿದಾಗಲೂ ಬರಬೇಕಿತ್ತು ಅಲ್ವಾ. ಇದರ ಮೇಲೆ ಹುರಿ ಬಿಚ್ಚಿ ಹೆಣೆದು ಎರಡು ಹಗ್ಗ ಒಂದು ಮಾಡುವ ಕೆಲಸ. ಮೂರು ಎಳೆಗಳನ್ನೂ ಒಂದರ ಮೇಲೆ ಒಂದರ ಕೆಳಗೆ ಹಾಯಿಸಿ, ನಾರಿನ ಹಗ್ಗದಲ್ಲಿ ಕನಿಷ್ಠ ಮೂರು ಸುತ್ತು ಹೆಣೆಯಬೇಕು. ಮೀನುಗಾರರಿಗೆ ಇದು ಗೊತ್ತು. ಯುರೋಪಿನ ಹಡಗಿನ ಹಗ್ಗ ಹೆಂಪ್ ಅನ್ನುವ ಗಿಡದ ನಾರಿನದ್ದು. ಆದರೆ ನಮ್ಮ ಕಡಲಿಗೆ ಬಂದವರು ತೆಂಗಿನ ನಾರಿನ ಹಗ್ಗವನ್ನೂ ಧಾರಾಳವಾಗಿ ಬಳಸುತ್ತಿದ್ದರು. ಹಾಗಾಗಿ ನಾರಿನ ಹಗ್ಗ ಕಣ್ಣಿಗೆ ಕಾಣುವ ಕಡೆ ಹಾಕಿ. ಜನರ ಭಾರ ಬೀಳುವ ಕಡೆ ಮಾತ್ರ ಇವತ್ತಿನ ಗಟ್ಟಿ ಹಗ್ಗವೇ ಇರಲಿ. ಅದನ್ನು ಕ್ಯಾನ್ವಾಸಿನಿಂದ ಸುತ್ತಿ ಮರೆ ಮಾಡಿ.

ಸುಮ್ನೆ ಕುಳಿತವರಿಗೆ ಕೊಡಲು ಒಂದು ಅದ್ಭುತ ಕೆಲಸ ಇದೆ: ಹಳೇ ಹಗ್ಗ ಬಿಡಿಸುವುದು. ಸವೆದ ಹಗ್ಗವನ್ನು ಒಂದೊಂದು ಗೇಣಿಗೆ ಕತ್ತರಿಸಿ. ಹುರಿ ಬಿಚ್ಚಿ, ತೊಡೆಯ ಮೇಲೆ ಇಟ್ಟು ಅಂಗೈಯಿಂದ ಉಜ್ಜಿ, ನಾರು ನಾರಾಗಿ ಬಿಡಿಸಿ. ಅದನ್ನು ಮತ್ತೆ ಸಡಿಲವಾಗಿ ಹೊಸೆದು ಬತ್ತಿ ಮಾಡಿ. ಎರಡು ದಪ್ಪ ಹಲಗೆಗಳನ್ನು ಬೆರಳು ತೂರದಷ್ಟು ಸಂದಿ ಬಿಟ್ಟು ಮೊಳೆ ಹೊಡೆದಿಡಿ. ಮೊಂಡ ಚಪ್ಪಟೆ ಉಳಿ, ಮರದ ಕೊಡತಿ ಹಿಡಿದು ಬತ್ತಿಯನ್ನು ಸಂದಿಗೆ ಬಡಿದು ತುರುಕಿ. ಮೊದಲು ಮಂದ ಸದ್ದು ಬರುತ್ತದೆ, ನಾರು ಬಿಗಿಯಾಗುತ್ತ ಹೋದಂತೆ ಸದ್ದು ಗಟ್ಟಿಯಾಗುತ್ತದೆ. ಕೆಲಸದವನು ಕಿವಿಯಿಂದಲೇ ಸಾಕೋ ಬೇಕೋ ತಿಳಿಯುತ್ತಿದ್ದ. ಹಲಗೆಯ ಮೇಲೆ ನೀರು ಸುರಿದು ಸೋರುತ್ತದೋ ಇಲ್ಲವೋ ಜನರಿಗೇ ತೋರಿಸಿ. ಅಡ್ವೆಂಚರ್ ಗ್ಯಾಲಿ ಕೊನೆಗೆ ವಿಪರೀತ ಸೋರಿ, ಎಡೆಬಿಡದೆ ಪಂಪು ಒತ್ತಿಸಿಕೊಂಡು, ಮಡಗಾಸ್ಕರ್ ಹತ್ತಿರದ ಸೇಂಟ್ ಮೇರಿ ದ್ವೀಪದಲ್ಲಿ ಕಿಡ್ ಬಿಟ್ಟುಬರುವ ಸ್ಥಿತಿಗೆ ಬಂತು. ಈ ಹಲಗೆ ನೋಡಿದವರಿಗೆ ಆ ಕಷ್ಟ ಅರ್ಥವಾಗುತ್ತದೆ.

ಸಂದಿಯ ಮೇಲೆ ಬಳಿಯುವ ಟಾರು ಪೈನ್ ಮರದಿಂದ ಇಳಿಸಿದ್ದು. ರಸ್ತೆಯ ಡಾಂಬರು ಬಳಸಬೇಡಿ. ಬೇಕಾದರೆ ಸ್ವಲ್ಪ ಪೈನ್ ಟಾರು ತರಿಸಿಕೊಳ್ಳಿ, ಅದರ ಹೊಗೆವಾಸನೆ ಒಂದೇ ಸಾಕು ಹಡಗು ನೆನಪಾಗಲು. ಬಿಸಿ ಮಾಡುವುದಾದರೆ ನೇರ ಬೆಂಕಿಯ ಮೇಲೆ ಬೇಡ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಬಿಸಿ ಮಾಡಿ. ಕ್ಯಾನ್ವಾಸಿಗೆ ಅಗಸೆ ಎಣ್ಣೆ ಬಳಿದರೆ ನೀರು ಹಿಡಿಯುವುದಿಲ್ಲ, ಅದೂ ಆ ಕಾಲದ್ದೇ ಪದ್ಧತಿ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ನಿಮ್ಮ ದೋಣಿಯಲ್ಲಿ ಮಾಡಬಹುದಾದ ಒಂದು ಕೆಲಸ ನನಗೆ ಬಹಳ ಇಷ್ಟ: ಆಳ ನೋಡುವ ಹಗ್ಗ. ಸುಮಾರು ಮೂರು ಕಿಲೋ ತೂಕದ ಉದ್ದನೆಯ ಸೀಸದ ಗುಂಡು, ಅದಕ್ಕೆ ಇಪ್ಪತ್ತು ಮಾರು ಹಗ್ಗ. ಎರಡು ಮಾರಿಗೆ ಎರಡು ಚರ್ಮದ ಪಟ್ಟಿ, ಮೂರಕ್ಕೆ ಮೂರು ಪಟ್ಟಿ, ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು ಬಟ್ಟೆ, ಹತ್ತಕ್ಕೆ ತೂತಿರುವ ಚರ್ಮ. ಬಟ್ಟೆಗಳೂ ಬೇರೆ ಬೇರೆ ನೇಯ್ಗೆಯವು ಇರಲಿ, ಒಂದು ನಯ, ಒಂದು ಒರಟು. ರಾತ್ರಿಯಲ್ಲಿ ಬಣ್ಣ ಕಾಣದಿದ್ದಾಗ ಬೆರಳಿಂದ, ತುಟಿಯಿಂದ ಮುಟ್ಟಿ ಗುರುತು ಹಿಡಿಯುತ್ತಿದ್ದರು. ಗುಂಡಿನ ತಳದಲ್ಲಿ ಸಣ್ಣ ಗುಳಿ ಇರುತ್ತದೆ. ಅದಕ್ಕೆ ಕೊಬ್ಬು ಮೆತ್ತಿ ಬಿಟ್ಟರೆ ತಳದ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿಕೊಂಡು ಮೇಲೆ ಬರುತ್ತದೆ. ಲಂಗರು ಹಾಕಲು ಈ ಜಾಗ ಸರಿಯೋ ಅಂತ ಅದರಿಂದ ತಿಳಿಯುತ್ತಿತ್ತು. ಕಾಳಿ ನದಿಯ ಬಾಯಿಗೆ ಹೊಸದಾಗಿ ಬರುವ ಹಡಗಿಗೆ ಇದು ಜೀವ ಉಳಿಸುವ ಕೆಲಸ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡುವ ಗುಂಡು ಕಬ್ಬಿಣದ್ದಿರಲಿ.

ವೇಗ ಅಳೆಯುವುದನ್ನೂ ತೋರಿಸಬಹುದು. ತ್ರಿಕೋನದ ಹಲಗೆಯ ಒಂದು ಅಂಚಿಗೆ ತೂಕ ಕಟ್ಟಿ ನೀರಿಗೆ ಬಿಟ್ಟರೆ ಅದು ನೆಟ್ಟಗೆ ನಿಂತಲ್ಲೇ ನಿಲ್ಲುತ್ತದೆ. ದೋಣಿ ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತದೆ. 14.4 ಮೀಟರಿಗೆ ಒಂದು ಗಂಟು ಹಾಕಿ, 28 ಸೆಕೆಂಡಿನಲ್ಲಿ ಎಷ್ಟು ಗಂಟು ಕೈಯಿಂದ ಜಾರಿತೋ ಅಷ್ಟು ನಾಟ್ ವೇಗ, ಅಂದರೆ ಗಂಟೆಗೆ ಅಷ್ಟು ಕಡಲ ಮೈಲಿ.

ಹಡಗಿನ ಡೆಕ್ ಕಟ್ಟುವುದಾದರೆ ದೊಡ್ಡ ಕಡ್ಡಿಗಳ ಚಕ್ರದ ಚುಕ್ಕಾಣಿ ಇಡಬೇಡಿ. ಅದು ಬಂದದ್ದು 18ನೇ ಶತಮಾನದ ಶುರುವಿನಲ್ಲಿ. 1695ರ ಹಡಗಿನಲ್ಲಿ ನೆಟ್ಟಗೆ ನಿಂತ ಉದ್ದನೆಯ ಕೋಲು ಇರುತ್ತಿತ್ತು, ಅದನ್ನು ಪಕ್ಕಕ್ಕೆ ತಳ್ಳಿದರೆ ಕೆಳಗಿನ ಚುಕ್ಕಾಣಿ ಹಿಡಿ ತಿರುಗುತ್ತಿತ್ತು. ಸೂರ್ಯನ ಎತ್ತರ ಅಳೆಯುವ ಸೆಕ್ಸ್‌ಟಂಟ್ ಕೂಡ ಬೇಡ. ಆಗ ಇದ್ದದ್ದು ಬ್ಯಾಕ್‌ಸ್ಟಾಫ್ ಅನ್ನುವ ಮರದ ಉಪಕರಣ. ಸೂರ್ಯನಿಗೆ ಬೆನ್ನು ಹಾಕಿ ನಿಂತು ನೆರಳಿನಿಂದ ಎತ್ತರ ಅಳೆಯುವುದು. ಬಡಗಿಗಳು ಚಿತ್ರ ನೋಡಿ ಮಾಡಿಕೊಡುತ್ತಾರೆ.

ಆಯುಧದ ಬಗ್ಗೆ ಕಡಿಮೆ ಹೇಳುತ್ತೇನೆ. ಆಗಿನ ಪಿಸ್ತೂಲಿಗೆ ಒಂದೇ ಗುಂಡು, ಮದ್ದು ಒದ್ದೆಯಾದರೆ ಅದೂ ಇಲ್ಲ. ಮರದಲ್ಲಿ ಮಾಡಿಸಿ ಬಣ್ಣ ಹಚ್ಚಿ. ಕತ್ತಿ ಗಿಡ್ಡದು, ಸ್ವಲ್ಪ ಬಾಗಿದ್ದು. ಅದೂ ಮರದ್ದೇ ಇರಲಿ. ಮದ್ದು, ಪಟಾಕಿ, ಕಿಡಿ ಯಾವುದೂ ಬೇಡ. ಅದಕ್ಕಿಂತ ಒಂದು ಮರದ ಬಕೆಟ್ಟಿಗೆ ಕಬ್ಬಿಣದ ಬಳೆ ಹಾಕಿಸಿ ಡೆಕ್ ಮೇಲೆ ಇಡಿ. ಕಾರವಾರ ಬಿಟ್ಟ ಮೇಲೆ, 1697ರ ಅಕ್ಟೋಬರ್ 30ರಂದು, ಮಾತಿಗೆ ಮಾತು ಬೆಳೆದು ಕಿಡ್ ತನ್ನ ಗೋಲಂದಾಜ, ಅಂದರೆ ಫಿರಂಗಿ ನೋಡಿಕೊಳ್ಳುವ ವಿಲಿಯಂ ಮೂರ್‌ನ ತಲೆಗೆ ಹೊಡೆದದ್ದು ಅಂಥ ಬಕೆಟ್ಟಿನಿಂದ. ಮೂರ್ ಮರುದಿನ ಸತ್ತ. ಲಂಡನ್ನಿನಲ್ಲಿ ಕಿಡ್ ಮೇಲೆ ನಡೆದ ಮೊದಲ ವಿಚಾರಣೆ ಈ ಕೊಲೆಯದ್ದೇ.

ನಿಧಿಯ ನಕ್ಷೆಯ ಬದಲು ಇನ್ನೊಂದು ಕಾಗದ ಬರೆಸಿ: ಕರಾರು ಪತ್ರ. 1696ರ ಸೆಪ್ಟೆಂಬರಿನಲ್ಲಿ ಕಿಡ್ ಮತ್ತು ಅವನ ಜನ ಮಾಡಿಕೊಂಡ ಕರಾರಿನಲ್ಲಿ, ಕಣ್ಣು, ಕಾಲು ಅಥವಾ ಕೈ ಕಳೆದುಕೊಂಡವನಿಗೆ 600 ಬೆಳ್ಳಿ ನಾಣ್ಯ ಅಂತ ಇತ್ತು. ಬೇಟೆಯಾಗುವ ಹಡಗನ್ನು ಮೊದಲು ಕಂಡವನಿಗೆ 100. ಕಾದಾಟದ ಹೊತ್ತಿನಲ್ಲಿ ಕುಡಿದಿದ್ದರೆ ಪಾಲು ಇಲ್ಲ. ಇದನ್ನು ಕನ್ನಡದಲ್ಲೇ ದಪ್ಪ ಕಾಗದದ ಮೇಲೆ ಬರೆದು, ಬಂದ ಜನರಿಂದಲೂ ಸಹಿ ಹಾಕಿಸಿ. ಬರಹ ಬಾರದವರು ಆಗ ಗುರುತು ಹಾಕುತ್ತಿದ್ದರು. ಕೊಕ್ಕೆ ಕೈ, ಮರದ ಕಾಲಿನ ಹಿಂದಿನ ನೋವು ಏನು ಅನ್ನುವುದು ಈ ಕಾಗದ ಓದಿದಾಗ ಗೊತ್ತಾಗುತ್ತದೆ.

ಕೊನೆಗೆ ಅನುಮತಿ. ಕಾರವಾರದಲ್ಲಿ ನೌಕಾನೆಲೆ ಇದೆ. ದೋಣಿ ನೀರಿಗಿಳಿಸುವ ಮೊದಲು ಬಂದರು ಇಲಾಖೆ, ಕರಾವಳಿ ಕಾವಲು ಪೊಲೀಸರು, ಊರಿನ ಠಾಣೆ ಮೂರಕ್ಕೂ ಬರೆದು ಕೊಡಿ. ಮರದ ಪಿಸ್ತೂಲು ಕತ್ತಿ ಇರುತ್ತವೆ ಅಂತಲೂ ಸ್ಪಷ್ಟವಾಗಿ ಹೇಳಿ. ಕಿಡ್ ಬಂದದ್ದು ಸೆಪ್ಟೆಂಬರಿನಲ್ಲಿ ಅಂತ ನೀವೂ ಆಗಲೇ ಮಾಡಬೇಕಿಲ್ಲ. ಮಳೆಗಾಲದ ಅಬ್ಬರ ಪೂರ್ತಿ ಇಳಿದ ಮೇಲೆ ದಿನ ಇಟ್ಟುಕೊಳ್ಳಿ. ದೋಣಿ ಹತ್ತುವ ಎಲ್ಲರಿಗೂ ಲೈಫ್ ಜಾಕೆಟ್ ಇರಲಿ. ಮೇಲೆ ಅಗಲವಾದ ಕ್ಯಾನ್ವಾಸ್ ಜಾಕೆಟ್ ಹಾಕಿದರೆ ಅದು ಕಾಣುವುದಿಲ್ಲ. ಆದರೆ ಆ ಮೇಲಂಗಿಯ ಗುಂಡಿ ಹಾಕದೆ ಬಿಡಿ. ನೀರಿಗೆ ಬಿದ್ದರೆ ತಕ್ಷಣ ಕಳಚುವಂತಿರಬೇಕು. ದೋಣಿಯ ಯಜಮಾನ ಹೇಳಿದ್ದೇ ಕೊನೆಯ ಮಾತು.

ಇಪ್ಪತ್ತು ಜನರನ್ನು ಹೀಗೆ ಹಂಚಬಹುದು: ದೋಣಿ ಮತ್ತು ಆಳ ನೋಡುವುದಕ್ಕೆ ಐದು, ಪೀಪಾಯಿ ಮತ್ತು ಸೌದೆಗೆ ಆರು, ಹಲಗೆ ಮತ್ತು ಹಳೇ ಹಗ್ಗಕ್ಕೆ ಮೂರು, ಒಲೆಗೆ ಇಬ್ಬರು, ಕೋಠಿಯವರಾಗಿ ಇಬ್ಬರು, ಒಬ್ಬ ಕಿಡ್. ಉಳಿದ ಒಬ್ಬ ಟೋಪಿಯ ಫ್ರಾಂಕ್ಸ್. ಬೀವರ್ ಟೋಪಿ ಸಿಗುವುದಿಲ್ಲ, ಅಗಲ ಅಂಚಿನ ಕಪ್ಪು ಉಣ್ಣೆಯ ಹ್ಯಾಟನ್ನು ಹಬೆಯಲ್ಲಿ ಹಿಡಿದು ಅಂಚು ಮೇಲಕ್ಕೆ ಮಡಚಿದರೆ ಸಾಕು.